ಕೊನೆಯ ಓಟಗಾರ ಓಡಿಹೋದದ್ದು

ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ, ಗಾಜು ಉಜ್ಜುವ ಯಂತ್ರದ ಮುಂದೆ ಬೆನ್ನು ಬಾಗಿಸಿ ಕೂತಿರುತ್ತಿದ್ದವನನ್ನು ಎಲ್ಲರೂ ಲೆನ್ಸಪ್ಪ ಎನ್ನುತ್ತಿದ್ದರು. ಊರಿಗೆಲ್ಲ ದೃಷ್ಟಿ ತಿದ್ದಿಕೊಡುವ ಈ ಮನುಷ್ಯನನ್ನು ಊರು ಅಷ್ಟಾಗಿ ನೋಡಿರಲಿಲ್ಲ. ಗಿರಾಕಿಗಳು ಮುಂದಿನ ಕೌಂಟರಿನಲ್ಲಿ ಯಜಮಾನರನ್ನು ಕಂಡು ಹೋಗುತ್ತಿದ್ದರು. ಪರದೆಯ ಆಚೆಯಿಂದ ಕಿರ್ರೆನ್ನುವ ಸದ್ದು ಬಂದರೆ, ಏನೋ ಮೆಷಿನ್ ಇರಬೇಕು ಎಂದುಕೊಳ್ಳುತ್ತಿದ್ದರು. ಮೆಷಿನ್ ಜೊತೆಗೆ ಒಬ್ಬ ಮನುಷ್ಯನೂ ಇರಬಹುದೆಂಬ ಅನುಮಾನ ಯಾರಿಗೂ ಬರುತ್ತಿರಲಿಲ್ಲ.

ಅವನ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ. ಕೆಳಗೆ ಮನೆ ಮಾಲಕಿ. ಪಕ್ಕದ ಊರಿನಲ್ಲಿದ್ದ ಅಕ್ಕ ಪ್ರತಿ ಭಾನುವಾರ ಬೆಳಗ್ಗೆ ಫೋನು ಮಾಡಿ, ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಬಟ್ಟೆ ಬಿಸಿಲಿಗೆ ಹಾಕುತ್ತಿದ್ದೀಯಾ ಎಂದು ಕೇಳಿ ಇಡುತ್ತಿದ್ದಳು. ವಾರವಾರವೂ ಮಾತಾಡುವಾಗ ಮುಖ ಬೇರೆ ಯಾಕೆ ನೋಡಬೇಕೆಂದು ಇಬ್ಬರೂ ಒಬ್ಬರ ಮನೆಗೊಬ್ಬರು ಹೋಗುವುದನ್ನು ಮುಂದೂಡುತ್ತ ಬಂದಿದ್ದರು. ಮೊದಲ ಗಂಟೆ ಮುಗಿಯುವುದರೊಳಗೆ ಫೋನು ಎತ್ತುವ ತಮ್ಮನನ್ನು ಅಕ್ಕ ಭಾರಿ ಶಿಸ್ತಿನ ಮನುಷ್ಯ ಎಂದು ನಾಲ್ಕು ಜನರೆದುರು ಹೊಗಳುತ್ತಿದ್ದಳು. ಅವನು ಬೆಳಗಿನಿಂದ ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದ, ಅಷ್ಟೆ.

ಇಂಥವನ ಕೈಗೆ ಒಂದು ಮೌತ್ ಆರ್ಗನ್ ಬಂತು. ಯಾರೋ ಗಿರಾಕಿ ಅದನ್ನು ಕೌಂಟರಿನ ಮೇಲೆ ಬಿಟ್ಟುಹೋಗಿದ್ದ. ಕನ್ನಡಕ ಮರೆತವರು ತಡವರಿಸಿಕೊಂಡಾದರೂ ವಾಪಸು ಬರುತ್ತಾರೆ. ಇದನ್ನು ಮರೆತವನು ಬರಲೇ ಇಲ್ಲ. ಬಹಳ ದಿನ ನೋಡಿ, ಕೊನೆಗೆ ಯಜಮಾನರು ಕಸಕ್ಕೆ ಹಾಕು ಅಂದರು. ಲೆನ್ಸಪ್ಪ ಜೇಬಿಗೆ ಹಾಕಿಕೊಂಡ.

ಅವನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಉಸಿರು ಬಿಟ್ಟರೆ ಒಂದು ಸದ್ದು, ಎಳೆದರೆ ಇನ್ನೊಂದು ಸದ್ದು. ಬಿಡುವುದೂ ಎಳೆಯುವುದೂ ಹುಟ್ಟಿನಿಂದ ರೂಢಿಯಾದ ವಿದ್ಯೆಯಾದ್ದರಿಂದ ಗುರುವಿನ ಅಗತ್ಯ ಬೀಳಲಿಲ್ಲ. ಸಂಜೆ ಕೆಲಸದಿಂದ ಬಂದು, ಕುರ್ಚಿಯಲ್ಲಿ ಕೂತು, ಬಿಡುತ್ತಲೂ ಎಳೆಯುತ್ತಲೂ ಇದ್ದ. ಕೋಣೆಯಲ್ಲಿ ತನ್ನ ಸದ್ದಲ್ಲದ ಮತ್ತೊಂದು ಸದ್ದು ಇದ್ದಂತಾಗುತ್ತಿತ್ತು.

ಕೆಳಗಿದ್ದ ಮಾಲಕಿ ಅದನ್ನು ಬಾಗಿಲಿನ ಕೀಲು ಎಂದು ತಿಳಿದರು. ಬಡಗಿಯನ್ನು ಕರೆಸಿ ಮನೆಯ ಸಮಸ್ತ ಕೀಲುಗಳಿಗೂ ಎಣ್ಣೆ ಬಿಡಿಸಿದರು. ಆದರೂ ಸದ್ದು ನಿಲ್ಲದಿದ್ದಾಗ ಬಡಗಿ ಗಂಭೀರವಾಗಿ ತಲೆಯಾಡಿಸಿ, ಬಾಗಿಲಿನ ಚೌಕಟ್ಟೇ ಹೋಗಿದೆ, ಗೋಡೆ ಒಡೆಯಬೇಕು ಎಂದ. ನಿಜ ಹೇಳುವ ಧೈರ್ಯ ಲೆನ್ಸಪ್ಪನಿಗೆ ಆಗಲಿಲ್ಲ. ಗೋಡೆಯನ್ನು ಉಳಿಸುವ ಸಲುವಾಗಿ ಮರುದಿನದಿಂದ ಬೆಳಗ್ಗೆ ಕಾಲುವೆ ಪಕ್ಕದ ಉದ್ಯಾನಕ್ಕೆ ಹೋಗಿ ಊದತೊಡಗಿದ.

ಅಲ್ಲಿ ಒಂದು ದಿನ ನಾಯಿಯೊಂದಕ್ಕೆ ಅವನ ಸಂಗೀತ ಹಿಡಿಸಲಿಲ್ಲ. ಅದು ಬೊಗಳಿ, ತಾಳ್ಮೆಗೆಟ್ಟು, ಅವನ ಮೇಲೆಯೇ ಬಂತು. ಲೆನ್ಸಪ್ಪ ಎದ್ದೆನೋ ಬಿದ್ದೆನೋ ಎಂದು ಓಟ ಕಿತ್ತ. ಮೌತ್ ಆರ್ಗನ್ ಹಲ್ಲುಗಳ ನಡುವೆಯೇ ಉಳಿದುಬಿಟ್ಟಿತ್ತು. ಅದನ್ನು ತೆಗೆಯಲು ಪುರುಸೊತ್ತೂ ಇರಲಿಲ್ಲ, ಕೈಗಳು ಗಾಳಿಯಲ್ಲಿ ಬೇರೆ ಕೆಲಸದಲ್ಲಿದ್ದವು. ಒಂದು ಹೆಜ್ಜೆಗೆ ಬಿಡುವ ಸದ್ದು, ಮರುಹೆಜ್ಜೆಗೆ ಎಳೆಯುವ ಸದ್ದು. ಪ್ರಾಣಭಯದಿಂದ ಹುಟ್ಟಿದ ಲಯಕ್ಕೆ ತಪ್ಪು ಎಂಬುದಿಲ್ಲ.

ಅದೇ ಹೊತ್ತಿಗೆ ಹಿಂದಿನ ತಿರುವಿನಿಂದ ಒಂದು ಗುಂಪು ಓಡುತ್ತ ಬಂತು. ಮುಂದೆ ಹಲ್ಲಿನ ಡಾಕ್ಟರು, ಕೈಯಲ್ಲಿ ಟ್ರಂಪೆಟ್. ಪಕ್ಕದಲ್ಲಿ ಲೈಬ್ರರಿ ಮೇಡಂ, ಸೊಂಟಕ್ಕೆ ಸಣ್ಣ ಡ್ರಮ್ಮು. ಹಿಂದೆ ಬೇಕರಿಯವನು, ಎರಡು ಕೈಯಲ್ಲೂ ಗಿಲಕಿ. ಇವರು ಓಡುತ್ತಲೇ ನುಡಿಸುವವರು. ಕಾಲಿನ ಹೆಜ್ಜೆಗೆ ತಕ್ಕ ಹಾಗೆ ಡಾಕ್ಟರು ಸ್ವಂತ ರಾಗಗಳನ್ನು ಕಟ್ಟುತ್ತಿದ್ದರು. ಇಷ್ಟು ಜನ, ಇಷ್ಟು ಸದ್ದು ಕಂಡ ನಾಯಿ ವಿವೇಕ ತಂದುಕೊಂಡು ಪಕ್ಕಕ್ಕೆ ಸರಿಯಿತು. ಹೀಗಾಗಿ ಅವರು ಬಂದಾಗ ನಾಯಿ ಇರಲಿಲ್ಲ. ಮೌತ್ ಆರ್ಗನ್ ನುಡಿಸುತ್ತ ಓಡುತ್ತಿದ್ದ ಒಬ್ಬ ಮಹಾನುಭಾವ ಮಾತ್ರ ಇದ್ದ.

ಬೆಂಚಿನ ಮೇಲೆ ಕುಸಿದ ಅವನನ್ನು ಡಾಕ್ಟರು ಭಕ್ತಿಯಿಂದ ಕೇಳಿದರು: ಎಷ್ಟು ವರ್ಷದ ಸಾಧನೆ? ಲೆನ್ಸಪ್ಪನಿಗೆ ಮಾತು ಹೊರಡಲಿಲ್ಲ. ತಾಳಿ, ಉಸಿರಾಡಲಿಕ್ಕೆ ಬಿಡಿ ಎಂದು ಅಂಗೈ ಎತ್ತಿ ತೋರಿಸಿದ. ಐದು ವರ್ಷ, ಎಂದು ಡಾಕ್ಟರು ಹಿಂದಿನವರಿಗೆ ಸಾರಿದರು. ರಾಗ ಸ್ವಂತದ್ದೋ ಎಂದು ಕೇಳಿದರು. ಉಸಿರು ಸ್ವಂತದ್ದೇ ಆಗಿದ್ದರಿಂದ ಲೆನ್ಸಪ್ಪ ಹೌದೆಂದು ತಲೆಯಾಡಿಸಿದ. ಅಲ್ಲಿಗೇ ಅವನು ನಿಜ ಹೇಳಿಬಿಡಬಹುದಿತ್ತು. ಆದರೆ 'ಮಂಜಾಗಿದೆಯಾ, ಸ್ಪಷ್ಟವಾಗಿದೆಯಾ' ಎಂಬುದನ್ನು ಬಿಟ್ಟು ಬೇರೆ ಯಾವ ಪ್ರಶ್ನೆಗೂ ಗಾಜು ಉಜ್ಜುವ ಆ ಹಿಂಭಾಗದಲ್ಲಿ ಬಹಳ ಕಾಲದಿಂದ ಕೆಲಸವಿರಲಿಲ್ಲ. ಈಗ ಒಂದು ಗುಂಪೇ ಸುತ್ತ ನಿಂತು ಅವನ ಉತ್ತರಕ್ಕೆ ಕಾಯುತ್ತಿತ್ತು. ಎತ್ತು ಈಯಿತು ಎಂದವರಿಗೆ ಕೊಟ್ಟಿಗೆಗೆ ಕಟ್ಟಿ ಎನ್ನುವ ಜಾಯಮಾನ ಡಾಕ್ಟರದ್ದು. ಅವನನ್ನು ಆಗಲೇ ತಂಡಕ್ಕೆ ಸೇರಿಸಿಕೊಂಡರು.

ಆಮೇಲೆ ಶುರುವಾಯಿತು ಲೆನ್ಸಪ್ಪನ ನಾಟಕ. ತನಗೆ ಒಂಟಿಯಾಗಿ, ಬಹಳ ಬೇಗ, ಬಹಳ ದೂರ ಓಡುವುದು ರೂಢಿ ಎಂದು ಅವರಿಗೆ ಹೇಳಿದ. ದಿನಾ ಬೆಳಗ್ಗೆ ಉದ್ಯಾನದ ಕೊನೆಯ ತಿರುವಿನ ನಲ್ಲಿಯ ಹತ್ತಿರ ಅಡಗಿ ನಿಂತಿರುತ್ತಿದ್ದ. ಡ್ರಮ್ಮಿನ ಸದ್ದು ಹತ್ತಿರವಾದಾಗ ಹಣೆಗೂ ಬೆನ್ನಿಗೂ ನೀರು ಚಿಮುಕಿಸಿಕೊಂಡು, ಎಲ್ಲೋ ಊರು ಸುತ್ತಿ ಬಂದವನಂತೆ ಏದುಸಿರು ಬಿಡುತ್ತ ಜೊತೆಗೂಡುತ್ತಿದ್ದ. ಆಮೇಲೆ ಎಲ್ಲರೂ ಹುಲ್ಲಿನ ಮೇಲೆ ಕೂತು ಬ್ರೆಡ್ಡು ತಿಂದು ನುಡಿಸುತ್ತಿದ್ದರು. ಅವನ ಎರಡೇ ಎರಡು ಸದ್ದುಗಳ ಮೇಲೆ ಡಾಕ್ಟರು ಒಂದು ಹೊಸ ರಾಗ ಕಟ್ಟಿದರು. ಅದರ ಸರಳತೆಯಲ್ಲಿ ಏನೋ ಆಳವಿದೆ ಎಂದು ಅವರ ಅಭಿಪ್ರಾಯ.

ಅಂಗಡಿಯಲ್ಲಿ ಅವನು ಓಟದ ಬೂಟು ಹಾಕಿಕೊಂಡು ಬಂದದ್ದನ್ನು ಯಜಮಾನರು ಗಮನಿಸಿದರು. ಎಂದೂ ಹೊಸದೇನನ್ನೂ ಕೊಳ್ಳದವನು ಬೂಟು ಕೊಂಡರೆ ಬೇರೆ ಅಂಗಡಿಗೆ ಹೋಗುವ ಯೋಚನೆಯಲ್ಲಿದ್ದಾನೆ ಎಂದೇ ಅರ್ಥ. ಅವನು ಹೊರಡುವಾಗಲೆಲ್ಲ ಅವರು ಕೌಂಟರಿನಿಂದ ಕತ್ತು ಚಾಚಿ ಬೂಟನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಊರಿನ ದೊಡ್ಡ ಓಟದ ಭಾನುವಾರ ಬಂತು. ಆ ದಿನ ತಂಡಕ್ಕೆ ಒಂದು ನಿಯಮವಿತ್ತು. ಮುಂದೆ ಓಡುವವರಿಗೆ ಚಪ್ಪಾಳೆ, ಪದಕ, ಫೋಟೋ ಎಲ್ಲವೂ ಇರುತ್ತವೆ. ಎಲ್ಲರಿಗಿಂತ ಹಿಂದೆ ಒಬ್ಬನೇ ಕಾಲೆಳೆದುಕೊಂಡು ಬರುವವನಿಗೆ ಯಾರಿದ್ದಾರೆ? ಅವನ ಬೆನ್ನ ಹಿಂದೆ ನುಡಿಸುತ್ತ ಬರುವುದು ಇವರ ಕೆಲಸ. ಏನೇ ಆದರೂ ಕೊನೆಯ ಓಟಗಾರನಿಗಿಂತ ಮುಂದೆ ಹೋಗುವಂತಿಲ್ಲ. ಹಿಂದಿನ ದಿನ ಲೆನ್ಸಪ್ಪ ತನಗೆ ನೆಗಡಿ ಎಂದ. ನೆಗಡಿಗೆ ಓಟದಂಥ ಮದ್ದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು.

ಬೆಳಗ್ಗೆ ಲೈಬ್ರರಿ ಮೇಡಂ ಮೆಟ್ಟಿಲ ಬುಡದಲ್ಲಿ ನಿಂತು ಡ್ರಮ್ಮಿನ ಮೇಲೆ ಬೆರಳಾಡಿಸಿ ಕರೆದರು. ಓಟದ ಚಡ್ಡಿಗೆ ಜೇಬಿಲ್ಲದ್ದರಿಂದ ಲೆನ್ಸಪ್ಪ ಫೋನನ್ನು ಕೋಣೆಯಲ್ಲೇ ಬಿಟ್ಟು ಇಳಿದು ಬಂದ. ಹೊತ್ತಾಯಿತೆಂದು ಇಬ್ಬರೂ ಬೀದಿಯ ತುದಿಯವರೆಗೆ ಓಡಿದರು. ಮಾಲಕಿ ಕಿಟಕಿಯಿಂದ ಇದನ್ನು ನೋಡಿದರು.

ಸ್ವಲ್ಪ ಹೊತ್ತಿಗೆಲ್ಲ ಮೇಲೆ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ತಮ್ಮ ಫೋನು ಎತ್ತದ ಭಾನುವಾರವನ್ನು ಅಕ್ಕ ಈವರೆಗೆ ಕಂಡಿರಲಿಲ್ಲ. ಗಾಬರಿಯಿಂದ ಮಾಲಕಿಗೆ ಫೋನು ಮಾಡಿದಳು. ಮಾಲಕಿ ಕಂಡದ್ದನ್ನು ಕಂಡ ಹಾಗೇ ಹೇಳುವ ಹೆಂಗಸು.

"ಅವರಾ? ಬೆಳಗ್ಗೇನೇ ಓಡಿಹೋದ್ರಲ್ಲ."

"ಓಡಿಹೋದ್ನಾ? ಯಾರ ಜೊತೆ?" ಎಂದಳು ಅಕ್ಕ.

"ಯಾರೋ ಹೆಂಗಸು ಬಂದು ಕರೆದ್ರು. ತುಂಬಾ ದಿನದಿಂದ ಪರಿಚಯ ಇದ್ದ ಹಾಗಿತ್ತು. ಇಬ್ರೂ ಚಡ್ಡಿ ಹಾಕ್ಕೊಂಡು ಓಡಿದ್ರು. ಕೈಯಲ್ಲಿ ಒಂದು ಚೀಲಾನೂ ಇರಲಿಲ್ಲಮ್ಮ."

ಅಕ್ಕ ಫೋನು ಇಟ್ಟು ನೆಲದ ಮೇಲೆ ಕೂತಳು. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದ ಭಾವ ಸಂಗತಿ ಕೇಳಿ, ಬಟ್ಟೆ ಕೂಡ ಒಯ್ಯದೆ ಓಡಿಹೋಗಿದ್ದಾನೆಂದರೆ ಪ್ರಕರಣ ಗಂಭೀರ ಎಂದು ತೀರ್ಪು ಕೊಟ್ಟು ಪ್ಯಾಂಟು ಹಾಕಿಕೊಂಡರು. ಇಬ್ಬರೂ ಮುಂದಿನ ಬಸ್ಸು ಹಿಡಿದರು. ಅವರು ಬಂದು ಸೇರುವುದರೊಳಗೆ ಮಾಲಕಿ ಅಂಗಡಿಯ ಯಜಮಾನರಿಗೂ ಸುದ್ದಿ ಮುಟ್ಟಿಸಿದ್ದರು. ಯಜಮಾನರು ಅಂಗಡಿ ತೆಗೆದು ಒಳಗೆಲ್ಲ ತಡಕಾಡಿ, ಚಿನ್ನದ ಬಣ್ಣದ ಒಂದು ಫ್ರೇಮು ಕಾಣೆಯಾಗಿದೆ ಎಂದು ಓಡಿಬಂದರು. ಅದು ಅವರ ತಲೆಯ ಮೇಲೆಯೇ ಇತ್ತು. ಮಾಲಕಿ ಅದನ್ನು ನೋಡಿದರೂ, ಅದೇ ಫ್ರೇಮು ಎಂದು ಅವರಿಗೇನು ಗೊತ್ತು?

ಇತ್ತ ಓಟದಲ್ಲಿ ಲೆನ್ಸಪ್ಪ ಮೊದಲ ತಿರುವಿಗೇ ಸೋತಿದ್ದ. ಎಲ್ಲರೂ ಮುಂದೆ ಹೋದರು. ದಪ್ಪನೆಯವರೊಬ್ಬರು ದಾಟಿದರು. ಮೊಮ್ಮಗಳ ಕೈ ಹಿಡಿದ ಅಜ್ಜಿಯೊಬ್ಬರು ದಾಟಿದರು. ತಂಡ ಮಾತ್ರ ಅವನ ಹಿಂದೆಯೇ ಇತ್ತು. ಮೊದಮೊದಲು ಡಾಕ್ಟರು ಅವನ ವಿನಯವನ್ನು ಕೊಂಡಾಡಿದರು: ಕೊನೆಯವರಿಗೆ ಜಾಗ ಬಿಟ್ಟು ಕೊಡುವುದೆಂದರೆ ಹೀಗೆ. ಅಜ್ಜಿ ಕಣ್ಮರೆಯಾದ ಮೇಲೆ ಅವರು ಟ್ರಂಪೆಟ್ಟನ್ನು ಬಾಯಿಗಿಟ್ಟುಕೊಂಡರು. ರಸ್ತೆಯಲ್ಲಿ ಮುಂದೆ ಯಾರೂ ಇರಲಿಲ್ಲ. ಸೈಕಲ್ಲಿನ ಮೇಲೆ ಬಂದ ಕಾರ್ಯಕರ್ತನೊಬ್ಬ ದಾರಿಯ ಗುರುತಿನ ಬಾವುಟಗಳನ್ನು ಕೀಳುತ್ತ, ಹಿಂದೆ ಇನ್ನೂ ಯಾರಾದರೂ ಇದ್ದಾರಾ ಎಂದು ಇವರನ್ನೇ ಕೇಳಿದ.

ಬೆನ್ನ ಹಿಂದೆ ಟ್ರಂಪೆಟ್ಟು, ಡ್ರಮ್ಮು, ಗಿಲಕಿ ಎಲ್ಲವೂ ತನಗೋಸ್ಕರವೇ ನುಡಿಯುತ್ತಿವೆ ಎಂಬುದು ಲೆನ್ಸಪ್ಪನಿಗೆ ಆಗ ತಿಳಿಯಿತು. ಅವನ ಕಿವಿ ಕೆಂಪಾಯಿತು. ಗೋದಾಮುಗಳಿದ್ದ ಬೀದಿಯಲ್ಲಿ ಒಂದು ಲಾರಿ ಅಡ್ಡ ಬಂದದ್ದೇ ತಡ, ಪಕ್ಕದ ಓಣಿಗೆ ನುಸುಳಿದ. ಅಲ್ಲಿಂದ ಇನ್ನೊಂದು ಓಣಿ. ಜೀವನದಲ್ಲಿ ಒಮ್ಮೆಯಾದರೂ ಅವನು ನಿಜವಾಗಿ ಓಡಿಹೋದದ್ದು ಅಂದರೆ ಆಗ.

ಮುಚ್ಚಿದ ಶಟರುಗಳ ನಡುವೆ ಎಷ್ಟು ತಿರುಗಿದರೂ ದಾರಿ ಸಿಗಲಿಲ್ಲ. ಭಾನುವಾರವಾದ್ದರಿಂದ ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಕಾಲಿನ ಮೀನಖಂಡ ಹಿಡಿದುಕೊಂಡಿತು. ಬಹಳ ಹೊತ್ತಿನ ಮೇಲೆ ತೆರೆದ ಬಾಗಿಲೊಂದು ಕಂಡಿತು. ಅದು ಪೊಲೀಸ್ ಠಾಣೆ. ಮನೆಗೆ ಹೋಗುವ ದಾರಿ ಕೇಳಿದವನಿಗೆ, ದಫೇದಾರರು ಬರುವ ತನಕ ಕೂತಿರಿ ಎಂದು ಒಬ್ಬ ಪೇದೆ ನೀರು ಕೊಟ್ಟು, ಬೀರುವಿನ ಹಿಂದಿನ ಬೆಂಚು ತೋರಿಸಿದ.

ದಫೇದಾರರು ಬಂದರು. ಅವರ ಹಿಂದೆಯೇ ಇನ್ನೂ ಕೆಲವರು ಬಂದ ಸದ್ದಾಯಿತು. ಬೀರುವಿನ ಆಚೆ ಅಕ್ಕನ ದನಿ ಕೇಳಿ ಲೆನ್ಸಪ್ಪ ಬೆಚ್ಚಿದ. ಅಕ್ಕನ ಮನೆಯಲ್ಲಿ ಕಳ್ಳತನವಾಯಿತೇನೋ ಎಂದು ಏಳಲು ಹೋದ. ಕಾಲು ಸೆಟೆದುಕೊಂಡಿದ್ದರಿಂದ ಮತ್ತೆ ಕೂತ. ಅಷ್ಟರಲ್ಲಿ ಭಾವ ದೂರನ್ನು ಹೇಳಿ ಬರೆಸತೊಡಗಿದ್ದರು. ಸದರಿ ವ್ಯಕ್ತಿಯು ಈ ದಿನ ಪ್ರಾತಃಕಾಲದಲ್ಲಿ ಅಪರಿಚಿತ ಸ್ತ್ರೀಯೊಡನೆ ಅಲ್ಪವಸ್ತ್ರಧಾರಿಯಾಗಿ ಪರಾರಿಯಾಗಿರುತ್ತಾನೆ, ಎಂದರು. ಸದರಿ ವ್ಯಕ್ತಿ ಬೆಂಚಿನ ಮೇಲೆ ತನ್ನ ಮಂಡಿಗಳನ್ನು ಕೈಗಳಿಂದ ಮುಚ್ಚಿಕೊಂಡ.

ನೋಡಲಿಕ್ಕೆ ಹೇಗಿದ್ದಾರೆ ಎಂದು ದಫೇದಾರರು ಕೇಳಿದರು.

ಅಕ್ಕ, ಗುಂಗುರು ಕೂದಲು, ತೆಳ್ಳಗೆ, ಮೀಸೆ ಇಲ್ಲ ಎಂದಳು. ಅವಳ ಮನೆಯ ಗೋಡೆಯಲ್ಲಿದ್ದ ತಮ್ಮನ ಮದುವೆಯ ಫೋಟೋದಲ್ಲಿ ಹಾಗೇ ಇತ್ತು. ಮಾಲಕಿ ಅಡ್ಡಬಂದು, ತುಂಬಾ ಎತ್ತರದ ಮನುಷ್ಯ ಎಂದರು. ಅವರು ಅವನನ್ನು ನೋಡುತ್ತಿದ್ದುದು ಮೆಟ್ಟಿಲ ಬುಡದಿಂದ, ಅವನು ಮೇಲೆ ನಿಂತಿರುವಾಗ. ಕುಳ್ಳ, ಬೆನ್ನು ಗೂನು ಎಂದು ಯಜಮಾನರು ಖಡಾಖಂಡಿತವಾಗಿ ಹೇಳಿದರು. ಯಂತ್ರದ ಮುಂದೆ ಬಾಗಿದ ಬೆನ್ನನ್ನೂ ಆ ಬೂಟನ್ನೂ ಬಿಟ್ಟು ಅವರು ಅವನಲ್ಲಿ ಬೇರೇನನ್ನೂ ನೋಡಿರಲಿಲ್ಲ. ಕಣ್ಣಿನ ಬಣ್ಣ ಕೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಕನ್ನಡಕ ಉಂಟೋ ಎಂದರೆ, ಉಂಟು ಎಂದು ಇಬ್ಬರು, ಇಲ್ಲ ಎಂದು ಒಬ್ಬರು.

ದಫೇದಾರರು ಪೆನ್ನು ಕೆಳಗಿಟ್ಟರು. "ನೀವು ಹೇಳ್ತಿರೋದು ಮೂರು ಜನ. ಮೂವರೂ ಓಡಿಹೋದ್ರಾ, ಇಲ್ಲ ಒಬ್ಬರಾ? ಮೊದಲು ಅದನ್ನ ತೀರ್ಮಾನ ಮಾಡಿ."

ಬೀರುವಿನ ಹಿಂದೆ ಲೆನ್ಸಪ್ಪ ಮೆಲ್ಲನೆ ತನ್ನ ಮೇಲ್ದುಟಿಯನ್ನು ಮುಟ್ಟಿ ನೋಡಿಕೊಂಡ. ಬೆನ್ನನ್ನೂ ಒಂದು ಸಲ ನೆಟ್ಟಗೆ ಮಾಡಿ ನೋಡಿದ.

ಆಗ ಹೊರಗಿನಿಂದ ತಂಡ ನುಗ್ಗಿತು. ಗೋದಾಮಿನ ಬೀದಿಗಳಲ್ಲಿ ಹುಡುಕಿ ಹುಡುಕಿ ಸೋತು, ಬೆವರಿಳಿಸುತ್ತ, ವಾದ್ಯಗಳ ಸಮೇತ. ನಮ್ಮವರೊಬ್ಬರು ಕಳೆದುಹೋಗಿದ್ದಾರೆ, ಅವರಿಲ್ಲದೆ ನಾವು ಮುಂದೆ ಹೋಗುವಂತಿಲ್ಲ ಎಂದರು ಡಾಕ್ಟರು. ಮಾಲಕಿ ಲೈಬ್ರರಿ ಮೇಡಂ ಕಡೆ ಬೆರಳು ತೋರಿಸಿ, ಇವರೇ ಆ ಹೆಂಗಸು ಎಂದರು.

ಭಾವ ಕೋರ್ಟಿನಲ್ಲಿ ಕೇಳಿ ಕೇಳಿ ರೂಢಿಯಾದ ದನಿಯಲ್ಲಿ ಪಾಟೀಸವಾಲು ಶುರುಮಾಡಿದರು. "ಅವರ ಜೊತೆ ಓಡಿದ್ದು ನೀವೇನಾ?"

"ಹೌದು, ನಾನೇ," ಎಂದರು ಮೇಡಂ, ಸಹಜವಾಗಿ. "ಆದ್ರೆ ಅರ್ಧ ದಾರೀಲಿ ನಮ್ಮನ್ನ ಬಿಟ್ಟು ಹೋಗ್ಬಿಟ್ರು."

"ನಮ್ಮನ್ನ ಅಂದ್ರೆ? ಇನ್ನೂ ಎಷ್ಟು ಜನ ಇದ್ರಿ?"

"ಎಲ್ಲಾ ಸೇರಿ ಒಂದು ಹನ್ನೆರಡು ಜನ ಇರ್ತೀವಿ. ದಿನಾ ಬೆಳಗ್ಗೆ."

ಅಕ್ಕ ಗೋಡೆ ಹಿಡಿದುಕೊಂಡಳು. ಯಜಮಾನರು ಆ ಬೂಟಿನ ಗುಟ್ಟು ಈಗ ತಿಳಿಯಿತು ಎಂದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದಾಗ ದಫೇದಾರರು ಮೇಜು ತಟ್ಟಿ, ನಿಮ್ಮವರು ನೋಡಲಿಕ್ಕೆ ಹೇಗಿದ್ದಾರೆ, ಅದನ್ನಾದರೂ ಒಬ್ಬರು ಸರಿಯಾಗಿ ಹೇಳಿ ಎಂದರು.

ಲೈಬ್ರರಿ ಮೇಡಂ ಯೋಚಿಸಲಿಲ್ಲ. "ಸಾಧಾರಣ ಎತ್ತರ. ಮುಂದಲೆ ಬೋಳು. ಮೀಸೆ ಇದೆ, ಬಲಗಡೆ ಜಾಸ್ತಿ ಬೆಳ್ಳಗಾಗಿದೆ. ಎಡಗಾಲನ್ನ ಸ್ವಲ್ಪ ಹೊರಗೆ ಎಸೆದು ಓಡ್ತಾರೆ. ಹೆಬ್ಬೆರಳಿನ ತುದಿ ಸವೆದು ನುಣ್ಣಗಾಗಿದೆ. ನಗುವಾಗ ಬಾಯಿ ಮುಚ್ಕೊಳ್ತಾರೆ. ಬ್ರೆಡ್ಡು ತಿನ್ನೋವಾಗ ಅಂಚೆಲ್ಲ ಮೊದಲು ತಿಂದು, ಮಧ್ಯದ್ದು ಕೊನೆಗೆ ಉಳಿಸ್ಕೊಳ್ತಾರೆ. ಬೆನ್ನ ಮೇಲೆ ನಲ್ಲಿ ನೀರಿನ ಕಲೆ ಇರುತ್ತೆ."

ನಲ್ಲಿ ನೀರಾ ಎಂದರು ಡಾಕ್ಟರು. ತಂಡದಲ್ಲಿ ಅದು ಗೊತ್ತಿಲ್ಲದಿದ್ದವರು ಅವರೊಬ್ಬರೇ. ಬೇಕರಿಯವನು ಪಾಪ ಎನ್ನುವಂತೆ ಅವರನ್ನು ನೋಡಿದ.

ದಫೇದಾರರು ಎದ್ದು ಬಂದು ಬೀರುವಿನ ಹಿಂದೆ ಇಣುಕಿದರು. ಮೀಸೆ ನೋಡಿದರು, ಹೆಬ್ಬೆರಳು ನೋಡಿದರು. "ಇವರೇ ನೋಡಿ," ಎಂದರು.

ಎಲ್ಲರೂ ಬೀರುವನ್ನು ಬಳಸಿ ಬಂದರು. ಅಕ್ಕ ಮುಂದೆ ಬಂದು ಬೆಂಚಿನ ಮೇಲಿದ್ದವನನ್ನು ನೋಡಿದಳು. ಒಂದು ಗಳಿಗೆ ಬರೀ ನೋಡಿದಳು. ಆ ಒಂದು ಗಳಿಗೆ ಠಾಣೆಯಲ್ಲಿದ್ದವರಿಗೆಲ್ಲ ಬಹಳ ಉದ್ದವಾಗಿ ಕಂಡಿತು. ಆಮೇಲೆ ಅವಳ ಮುಖ ಬದಲಾಯಿತು.

"ಮೀಸೆ ಯಾವಾಗ ಬಿಟ್ಟೆ?" ಎಂದು ಕೇಳಿದಳು.

"ಅವಳು ತೀರಿಕೊಂಡ ವರ್ಷ, ಅಕ್ಕ," ಎಂದ ಲೆನ್ಸಪ್ಪ.

ಭಾವ ಬರೆಸುವುದನ್ನು ನಿಲ್ಲಿಸಿದರು. ಯಜಮಾನರು ಮುಖ ಒರೆಸಿಕೊಳ್ಳಲು ಹೋಗಿ ತಲೆಯ ಮೇಲಿನ ಫ್ರೇಮು ಕೈಗೆ ಸಿಕ್ಕಿ, ಅದನ್ನು ಯಾರಿಗೂ ಕಾಣದಂತೆ ಜೇಬಿಗಿಳಿಸಿದರು. ಮಾಲಕಿ ಬೆಂಚಿನ ಹತ್ತಿರ ಬಂದು ನಿಂತು, ಇಷ್ಟೇ ಎತ್ತರವಾ ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಲೆನ್ಸಪ್ಪ ಎದ್ದು ನಿಂತು ಡಾಕ್ಟರ ಮುಂದೆ ತಲೆ ತಗ್ಗಿಸಿದ. ತಾನು ಓಟಗಾರನಲ್ಲ, ನುಡಿಸಲೂ ಬರುವುದಿಲ್ಲ, ಆವತ್ತು ನಾಯಿ ಅಟ್ಟಿಸಿಕೊಂಡು ಬಂದಿತ್ತು, ಕೈ ತೋರಿಸಿದ್ದು ತಾಳಿ ಎನ್ನುವುದಕ್ಕೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಡಾಕ್ಟರ ಮುಖ ಹಲ್ಲು ಕೀಳಿಸಿಕೊಂಡವರ ಮುಖದಂತಾಯಿತು. ಅವರು ಟ್ರಂಪೆಟ್ಟನ್ನು ಅತ್ತಿತ್ತ ತಿರುಗಿಸಿ ನೋಡಿ, ಕೊನೆಗೆ ಹೇಳಿದರು:

"ನೋಡಿ, ನುಡಿಸೋವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೊನೆಯವರೇ ಸಿಗ್ತಿರಲಿಲ್ಲ. ಈಗೆಲ್ಲ ಅಜ್ಜಿಯರೂ ಜೋರಾಗಿ ಓಡ್ತಾರೆ. ನಡೀರಿ, ಇನ್ನೂ ಅರ್ಧ ದಾರಿ ಇದೆ."

ಹೀಗೆ ಠಾಣೆಯಿಂದ ಒಂದು ಮೆರವಣಿಗೆ ಹೊರಟಿತು. ಮುಂದೆ ಕುಂಟುತ್ತ ಲೆನ್ಸಪ್ಪ. ಹಿಂದೆ ಟ್ರಂಪೆಟ್ಟು, ಡ್ರಮ್ಮು, ಗಿಲಕಿ. ಅವುಗಳ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದ ಅಕ್ಕ, ಮಾಲಕಿ, ಯಜಮಾನರು. ಕೊನೆಯವನಿಗಿಂತ ಮುಂದೆ ಹೋಗಬಾರದೆಂಬ ನಿಯಮವನ್ನು ಭಾವ ಕೂಡಲೇ ಅರ್ಥ ಮಾಡಿಕೊಂಡು, ಹೆಜ್ಜೆ ಮುಂದಿಟ್ಟ ಯಜಮಾನರನ್ನು ಎರಡು ಸಲ ಹಿಂದಕ್ಕೆಳೆದರು. ಅವರು ತಲುಪಿದಾಗ ಗುರಿಯ ಕಮಾನನ್ನು ಬಿಚ್ಚಿ ಲಾರಿಗೆ ಹಾಕಿ ಆಗಿತ್ತು. ಕಸ ಗುಡಿಸುತ್ತಿದ್ದವನೊಬ್ಬ, ಗೆರೆ ಇಲ್ಲೇ ಎಲ್ಲೋ ಇತ್ತು ಎಂದು ಪೊರಕೆಯಿಂದ ತೋರಿಸಿದ. ಲೆನ್ಸಪ್ಪ ಅದನ್ನು ದಾಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ, ಎಲ್ಲರಿಗೂ ಅವರವರ ಮನೆ ಇದ್ದುದರಿಂದ, ಒಬ್ಬೊಬ್ಬರಾಗಿ ಹೊರಟರು.

ಭಾವ ಸಂಜೆಯ ಬಸ್ಸು ಹಿಡಿದರು. ಅಕ್ಕ ಹತ್ತಲಿಲ್ಲ. ನಾಳೆ ಬರುತ್ತೇನೆ ಎಂದು ಬಸ್ಸಿನ ಕಿಟಕಿಯ ಹೊರಗಿನಿಂದಲೇ ಅವರಿಗೆ ಹೇಳಿ, ತಮ್ಮನ ಹಿಂದೆ ಮಹಡಿ ಮೆಟ್ಟಿಲು ಹತ್ತಿದಳು.

ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ. ಅಕ್ಕ ಚಹಾ ಕಾಸಿದಳು. ಕಪ್ಪು ಒಂದೇ ಸಿಕ್ಕಿತು. ಇನ್ನೊಂದಕ್ಕೆ ಕಪಾಟಿನಲ್ಲೆಲ್ಲ ಹುಡುಕಿದಳು. ಇರಲಿಲ್ಲ. ಅವಳು ಕಪ್ಪನ್ನು ತಮ್ಮನಿಗೆ ಕೊಟ್ಟು, ತೊಟ್ಟಿಯ ಪಕ್ಕದಲ್ಲಿದ್ದ ಮಗ್ಗನ್ನು ತೊಳೆದು ಅದಕ್ಕೆ ಬಗ್ಗಿಸಿಕೊಂಡಳು.

"ಅದು ಗಡ್ಡ ಮಾಡ್ಕೊಳ್ಳೋದು," ಎಂದ ಅವನು.

"ಗೊತ್ತು," ಎಂದು ಅಕ್ಕ ಕುಡಿದಳು.

ಕುರ್ಚಿಯಲ್ಲಿ ಅವಳು, ಮಂಚದ ತುದಿಯಲ್ಲಿ ಅವನು. ಅವನು ಊದಿಕೊಂಡ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟಿದ್ದ. ತಿಂದೆಯಾ, ಬಟ್ಟೆ ಒಣಗಿತಾ ಎಂದು ಅವಳು ಕೇಳಲಿಲ್ಲ. ಎದುರಿಗೇ ಇದ್ದನಲ್ಲ, ನೋಡಿದರೆ ಗೊತ್ತಾಗುತ್ತಿತ್ತು.

"ಅವಳು ಹೋದ ದಿನ ಏನಾಯ್ತು, ಹೇಳು," ಎಂದಳು. "ನಾನು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಆಮೇಲೆ ಕೇಳಲೇ ಇಲ್ಲ."

ಲೆನ್ಸಪ್ಪ ಕಪ್ಪನ್ನು ನೆಲದ ಮೇಲಿಟ್ಟ. ಆ ದಿನ ಅವಳು ಬೆಳಗ್ಗೆ ಎದ್ದದ್ದು, ಕಿಟಕಿ ತೆಗೆಯಲು ಹೇಳಿದ್ದು, ಯಾವುದೋ ಮಾತಿಗೆ ನಕ್ಕದ್ದು. ಅಲ್ಲಿಂದ ಶುರುಮಾಡಿದ. ಹೇಳುತ್ತ ಹೇಳುತ್ತ ಬಕೆಟ್ಟಿನ ನೀರು ತಣ್ಣಗಾಯಿತು. ಅಕ್ಕ ಎದ್ದು ಬಿಸಿ ನೀರು ತಂದು ಸುರಿದು, ಮತ್ತೆ ಬಂದು ಕೂತು, "ಹೂಂ, ಆಮೇಲೆ?" ಎಂದಳು.